ನೀರುಯ್ಯೋ ಬೀರಮ್ಮನ ಹೊಟ್ಟೆಕಿಚ್ಚು

ರಾವಂದೂರಿನ ಗುರುಸ್ವಾಮಿಯವರ ಮನೆ ಹಿತ್ತಿಲಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಬಚ್ಚಲ ಒಲೆಯಲ್ಲಿ ತೆಂಗಿನ ಗರಿ ಚಟಪಟ ಉರಿಯುತ್ತಿದೆ, ಹಂಡೆಯ ನೀರು ಹಬೆಯಾಡುತ್ತಿದೆ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಮಣೆಯ ಮೇಲೆ ಕುಳಿತ ಚಿಕ್ಕಬೀರಮ್ಮ ಎರಡೂ ಕಾಲು ಜೋಡಿಸಿ ಮುಂದಕ್ಕೆ ಚಾಚಿದ್ದಾರೆ. ಆ ಕಾಲುಗಳ ಮೇಲೆ ಮೈತುಂಬ ಎಣ್ಣೆ ಬಳಿಸಿಕೊಂಡ ಎರಡು ತಿಂಗಳ ಹೆಣ್ಣುಕೂಸು ಬೋರಲಾಗಿ ಮಲಗಿದೆ. ಅದು ಗುರುಸ್ವಾಮಿಯವರ ಮಗಳು ಪೂಜಾಳ ಚೊಚ್ಚಲ ಕೂಸು.

ಬೀರಮ್ಮ ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ನೋಡಿ ಮುಖ ಸಿಂಡರಿಸುತ್ತಾರೆ. “ಇನ್ನೊಂಚೂರು ತಣ್ಣೀರ್ ಬುಡಿ ಅಮ್ಮಾವ್ರೆ. ಇದೇನು ಮುದ್ದೆಗೆ ಎಸ್ರು ಇಟ್ಟಿದ್ದೀರಾ?”

“ಬೆಳಗ್ಗೆ ಬೆಳಗ್ಗೇನೇ ಶುರುವಾಯ್ತಾ ನಿನ್ನ ಬಾಯಿ?” ಎಂದು ನಗುತ್ತಾ ತಣ್ಣೀರು ಬೆರೆಸುವವರು ಮನೆಯೊಡತಿ ಸುಂದ್ರಮ್ಮ. ಹೆಗಲ ಮೇಲೆ ಒಣ ಟವೆಲ್ ಹಾಕಿಕೊಂಡು ಅವರು ಪಕ್ಕದಲ್ಲೇ ನಿಂತಿದ್ದಾರೆ. ನೀರುಯ್ಯುವ ಕೆಲಸ ಬೀರಮ್ಮನದು, ಟವೆಲ್ ಹಿಡಿದು ಕಾಯುವ ಕೆಲಸ ಅಜ್ಜಿಯದು. ಈ ಕಡೆಯ ಬಾಣಂತನದ ಮನೆಗಳಲ್ಲೆಲ್ಲ ಹೀಗೇ ನಡೆಯುತ್ತದೆ.

ಮೊದಲ ಚೊಂಬು ಬೆನ್ನಿಗೆ ಬಿದ್ದಾಗ ಕೂಸು ಕಿರುಚುತ್ತದೆ. ಎರಡನೆಯದಕ್ಕೆ ಗೊಣಗುತ್ತದೆ. ಆಮೇಲೆ ಬೀರಮ್ಮನ ಅಂಗೈ ಬೆನ್ನ ಮೇಲೆ ಮೇಲಿಂದ ಕೆಳಕ್ಕೆ ಹರಿಯತೊಡಗಿದಂತೆ ಸದ್ದೇ ಇಲ್ಲ, ಬಾಯಿ ಅರ್ಧ ತೆರೆದುಕೊಂಡು ಸುಖಪಡುತ್ತದೆ. ನಿಜ ಹೇಳಬೇಕೆಂದರೆ, ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿರುವ ನನಗೆ ಆ ಕೂಸಿನ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಬೆಳಗ್ಗೆ ಎದ್ದು ಗೀಸರ್ ಸ್ವಿಚ್ ಹಾಕಿ, ಗಡಿಯಾರ ನೋಡಿಕೊಂಡು ಮೈಮೇಲೆ ನೀರು ಸುರಿದುಕೊಂಡು ಓಡುವ ನಮ್ಮಂಥವರಿಗೆ ಇಂಥ ಕೈ ಇನ್ನು ಯಾವ ಕಾಲಕ್ಕೆ ಸಿಗಬೇಕು?

ಕೊನೆಯ ಚೊಂಬಿನ ನೀರನ್ನು ಬೀರಮ್ಮ ಮೈಗೆ ಹಾಕುವುದಿಲ್ಲ. ಕೂಸಿನ ಸುತ್ತ ಮೂರು ಸಲ ನಿವಾಳಿಸಿ ಬಚ್ಚಲ ಮೂಲೆಗೆ ಚೆಲ್ಲುತ್ತಾರೆ. ನಿವಾಳಿಸುವಾಗ ಒಂದೇ ಉಸಿರಿನಲ್ಲಿ ಹೇಳುತ್ತಾರೆ: “ಊರ್ ಕಣ್ಣು, ಕೇರಿ ಕಣ್ಣು, ಬಂದೋರ್ ಕಣ್ಣು, ಓದೋರ್ ಕಣ್ಣು, ಎತ್ತವ್ವನ ಕಣ್ಣು, ನೀರುಯ್ಯೋಳ ಕಣ್ಣು, ಎಲ್ಲಾ ನೀರಾಗ್ ಅರ್ದೋಗ್ಲಿ!”

ನೀರುಯ್ಯೋಳು ಅಂದರೆ ಅವರೇ. ನಿಮ್ಮ ಕಣ್ಣನ್ನೂ ಯಾಕೆ ಸೇರಿಸಿಕೊಳ್ಳುತ್ತೀರಿ ಎಂದು ಕೇಳಿದೆ. “ದಿನಾ ಮುಟ್ಟೋದು ನಾನೇ ಅಲ್ವೇನವ್ವ? ಚೆಂದಾಗದೆ ಅಂತ ಆಸೆಪಟ್ಟು ನೋಡೋಳೂ ನಾನೇಯ. ನನ್ ಕಣ್ಣೇನು ಬ್ಯಾರೆ ದೇವ್ರು ಮಾಡ್ದನಾ?” ಎಂದರು. ತಮ್ಮ ಅತ್ತೆ ಕಲಿಸಿದ ಮಾತು ಇದು, ಒಂದು ಹೆಸರು ಬಿಟ್ಟರೂ ನಿವಾಳಿಸಿದ್ದು ದಂಡ ಎಂದೂ ಸೇರಿಸಿದರು.

ಸುಂದ್ರಮ್ಮ ಟವೆಲ್ ಚಾಚುತ್ತಾರೆ. ಕೂಸು ಬೀರಮ್ಮನ ಕಾಲಿನಿಂದ ಅಜ್ಜಿಯ ಎದೆಗೆ ಹೋಗುತ್ತದೆ. ಸಾಂಬ್ರಾಣಿ ಹೊಗೆ ತುಂಬಿದ ಕೋಣೆಯೊಳಗೆ ಸುಂದ್ರಮ್ಮ ಹೋಗುವವರೆಗೂ ಬೀರಮ್ಮ ಅವರ ಬೆನ್ನನ್ನೇ ನೋಡುತ್ತಿರುತ್ತಾರೆ. ಆ ನೋಟದಲ್ಲಿ ಅಸೂಯೆ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಅವರ ಬಗ್ಗೆ ಬರೆಯಬೇಕೆಂದುಕೊಂಡಿದ್ದು ಆಗಲೇ.

ಬೀರಮ್ಮನ ಮನೆ ಇರುವುದು ರಾವಂದೂರಿಗೆ ಕೂಗಳತೆಯ ಒಂದು ಚಿಕ್ಕ ಊರಿನಲ್ಲಿ. ಗಂಡ ಸಣ್ಣಬೀರಯ್ಯ ಸೌದೆಯ ಕಾವಿನಲ್ಲಿ ತಂಬಾಕು ಹದ ಮಾಡುವ ಕೊಠಡಿಗಳಾದ ಬ್ಯಾರನ್ನುಗಳಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸಗಾರ. ಒಬ್ಬನೇ ಮಗ ಶಶಿ ಪಿರಿಯಾಪಟ್ಟಣದಲ್ಲಿ ಗೂಡ್ಸ್ ಆಟೊ ಓಡಿಸುತ್ತಾನೆ. ಬೀರಮ್ಮ ಕೋಳಿ ಕೂಗುವ ಹೊತ್ತಿಗೆ ಮನೆ ಬಿಡುತ್ತಾರೆ. ಹೆಚ್ಚಿನ ದಿನ ಎರಡು ಮನೆ, ಹೆರಿಗೆಯ ಸುಗ್ಗಿಯಿದ್ದರೆ ನಾಲ್ಕು. ಮೊದಲು ಕೂಸಿಗೆ, ಆಮೇಲೆ ಬಾಣಂತಿಗೆ. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಎತ್ತಿ ಹುಯ್ಯಬೇಕು, ಅದಕ್ಕೆ ರಟ್ಟೆ ಬೇಕು. ಮಂಡಿ ಹಿಡಿದುಕೊಳ್ಳುತ್ತದೆ, ಹೊಗೆಗೆ ಕಣ್ಣು ಕೆಂಪಾಗುತ್ತದೆ, ಸೀಗೆಪುಡಿಗೆ ಬೆರಳ ಸಂದು ಒಡೆಯುತ್ತದೆ. ರಜೆ ಹಾಕುವುದಿಲ್ಲವೇ ಎಂದರೆ ನನ್ನ ಮುಖವನ್ನೇ ನೋಡಿದರು. “ಕೂಸಿಗೆ ಭಾನ್ವಾರ ಅದಾ?”

ಅವರ ಕಾಲ ಮೇಲೆ ಮಲಗಿ ಎದ್ದವರು ಈಗ ಈ ಹೋಬಳಿಯ ತುಂಬ ಇದ್ದಾರೆ. ಸಂತೆಯಲ್ಲಿ ಎದುರಾದರೆ ಗುರುತು ಹಿಡಿಯುತ್ತಾರಾ?

“ಎಲ್ಲವ್ವ! ಮೀಸೆ ಬುಟ್ಕಂಡು ಬೈಕಲ್ಲಿ ಬುರ್ರಂತ ಓಯ್ತವೆ. ನನ್ ಕಾಲ್ ಮ್ಯಾಲೆ ಉಚ್ಚೆ ಉಯ್ದವಲ್ಲ, ಆ ಗ್ಯಾನ ಇದ್ದದಾ ಅವ್ಕೆ?” ಬೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ನಗುವಿಗೆ ಸೇರದ ಮಾತು ಆಮೇಲೆ ಬಂತು. ಇಷ್ಟು ಮನೆಯ ಮಕ್ಕಳಿಗೆ ನೀರು ಎರೆದ ಬೀರಮ್ಮ, ತನ್ನ ರಕ್ತ ಹಂಚಿಕೊಂಡ ಒಂದು ಕೂಸನ್ನೂ ಕಳೆದ ತಿಂಗಳವರೆಗೆ ಕಾಲ ಮೇಲೆ ಹಾಕಿಕೊಂಡಿರಲಿಲ್ಲ. ಶಶಿ ಹುಟ್ಟಿದಾಗ ಅವರು ಬಾಣಂತಿ. ಬಾಣಂತಿ ತಣ್ಣನೆ ಬಚ್ಚಲಲ್ಲಿ ಕೂತು ಕೂಸಿಗೆ ನೀರು ಹಾಕುವ ಪದ್ಧತಿ ಎಲ್ಲಿದೆ? ಅವರವ್ವನೇ ಎಲ್ಲ ಮಾಡಿದ್ದು. ಶಶಿಯ ನಂತರ ಮತ್ತೆ ಮಕ್ಕಳಾಗಲಿಲ್ಲ. “ಮೊಮ್ಮಗ ಬರ್ಲಿ ಅಂತ ಕಾಯ್ಕಂಡಿದ್ದೆ ಕಣವ್ವ,” ಎನ್ನುತ್ತಾರೆ.

ಮೊಮ್ಮಗ ಬಂದಿದ್ದಾನೆ. ಮೂರು ತಿಂಗಳಾಗುತ್ತಾ ಬಂತು. ಇರುವುದು ಮಾತ್ರ ಇಲ್ಲಲ್ಲ, ಎಚ್.ಡಿ. ಕೋಟೆ ಆಚೆಯ ಅಂತರಸಂತೆಯಲ್ಲಿ, ಸೊಸೆ ಪವಿತ್ರಾಳ ತವರಿನಲ್ಲಿ. ಅಲ್ಲಿ ದಿನಾ ಅವನಿಗೆ ನೀರುಯ್ಯುವವರು ಪವಿತ್ರಾಳ ತಾಯಿ ಶಾಂತಲಾ. ಶಾಂತಲಾ ಸಂತೆ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾರೆ. ಇವನನ್ನು ಬಿಟ್ಟರೆ ಬೇರೆ ಯಾವ ಕೂಸಿಗೂ ನೀರು ಹಾಕಿದವರಲ್ಲ.

ಇದರಲ್ಲಿ ಯಾರನ್ನೂ ದೂರುವ ಹಾಗೂ ಇಲ್ಲ. ಚೊಚ್ಚಲ ಹೆರಿಗೆ ತವರಿನದು. ಆದರೆ ಪವಿತ್ರಾ ಹೊರಡುವ ಮುಂಚೆ ತಾನಾಗಿಯೇ ಕೇಳಿದ್ದಳಂತೆ: “ಅತ್ತೆ, ನಾನಿಲ್ಲೇ ಇರ್ತೀನಿ. ಊರೋರ್ ಮಕ್ಕಳನ್ನೆಲ್ಲ ನೀವು ಮಾಡ್ತೀರ, ನನ್ ಮಗೂನೂ ನೀವೇ ಮಾಡಿ.” ಬೀರಮ್ಮನ ಜೀವ ಕುಣಿದಾಡಿತು. ಬಾಯಿ ಮಾತ್ರ ಬೇರೆಯೇ ಆಡಿತು. ಸೊಸೆಯನ್ನು ಗದರಿಸಿ, ಮಡಿಲು ತುಂಬಿ, ಮಗನ ಆಟೊದಲ್ಲಿ ಕೂರಿಸಿ ಕಳಿಸಿಬಿಟ್ಟರು.

“ಮನೆ ಮನೇಲೂ ನಾನೇ ಯೋಳ್ಕಂಡ್ ಬಂದಿವ್ನಿ, ಮೊದುಲ್ನೇದು ತವ್ರುಮನೇಲೇ ಆಗ್ಬೇಕು ಅಂತ. ಈಗ ನನ್ ಸೊಸೇನೇ ಮಡೀಕಂಡ್ರೆ ನಾಳೆ ಯಾವ ಮೊಕ ಒತ್ಕಂಡು ಬ್ಯಾರೆಯೋರ ಮನೆಗೆ ಓಗ್ಲಿ? ಬೀರಮ್ಮ ಆಸೆಬುರುಕಿ ಅನ್ನಾಕಿಲ್ವಾ?”

ಆಸೆಬುರುಕಿ ಅನ್ನಿಸಿಕೊಳ್ಳಲಿಲ್ಲ ಸರಿ. ಹೊಟ್ಟೆಯೊಳಗಿನ ಉರಿ ಆರಿತೇ? ಮಗನ ಫೋನಿಗೆ ಪವಿತ್ರಾ ದಿನಾ ಕೂಸಿನ ವಿಡಿಯೊ ಕಳಿಸುತ್ತಾಳೆ. ಬೀರಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಾರೆ, ನೋಡಿ ಬೈಯುತ್ತಾರೆ. ನೀರು ಸೋಲಾರಿನದಂತೆ. ಸೋಪು ಅಂಗಡಿಯದಂತೆ. ಶಾಂತಲಾಗೆ ಕೂಸಿನ ತಲೆ ಎತ್ತಿ ಹಿಡಿಯುವುದೇ ಗೊತ್ತಿಲ್ಲವಂತೆ. ಅವರ ಮನೆಗೆ ಹೋದಾಗ ನನಗೂ ಒಂದು ವಿಡಿಯೊ ತೋರಿಸಿದರು. ನನ್ನ ಕಣ್ಣಿಗಂತೂ ಶಾಂತಲಾ ಚೆನ್ನಾಗಿಯೇ ಹಿಡಿದಿದ್ದರು. ಹಾಗೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಸಣ್ಣಬೀರಯ್ಯ ಸುಮ್ಮನಿರಲಿಲ್ಲ. “ನಮ್ ಬ್ಯಾರನ್ನಿಗಾದ್ರೂ ಸೌದೆ ಆಕ್ಬೇಕು ಕಣವ್ವ. ಇವ್ಳ ಒಟ್ಟೆ ಸುಮ್‌ಸುಮ್ನೆ ಉರೀತದೆ.”

“ನೀನ್ ಬಾಯ್ ಮುಚ್ಕಂಡ್ ಬೀಡಿ ಸೇದು,” ಎಂದರು ಬೀರಮ್ಮ.

ಕಳೆದ ತಿಂಗಳು ತಡೆಯಲಾರದೆ, ಎಣ್ಣೆ ಶೀಶೆ, ಸೀಗೆಪುಡಿ, ಸಾಂಬ್ರಾಣಿ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಬಸ್ ಹತ್ತಿದರು. ಒಂದು ರಾತ್ರಿ ಅಂತರಸಂತೆಯಲ್ಲಿ ಉಳಿದರು. ಬೆಳಗಾಗುತ್ತಲೇ ಶಾಂತಲಾ ತಾವಾಗಿಯೇ ಮಣೆ ಹಾಕಿದರು. “ಇವತ್ತು ನೀವೇ ಹಾಕಿ ಅಕ್ಕ, ನಿಮ್ಮ ಕೈ ಗುಣ ಊರಿಗೇ ಗೊತ್ತಲ್ಲ,” ಎಂದು ತಾವು ಪಕ್ಕಕ್ಕೆ ಸರಿದು ನಿಂತರು. ಬೀರಮ್ಮ ಕಾಲು ಚಾಚಿದರು. ಅಷ್ಟು ವರ್ಷ ಕಾದ ಕೂಸು ಕಾಲ ಮೇಲೆ ಬಂತು.

ಬಂದಿದ್ದೇ ತಡ, ಕಿರುಚಲು ಶುರು ಮಾಡಿತು. ಎರಡನೇ ಚೊಂಬಿಗೂ ನಿಲ್ಲಿಸಲಿಲ್ಲ, ಹತ್ತನೆಯದಕ್ಕೂ ನಿಲ್ಲಿಸಲಿಲ್ಲ. ಬೆನ್ನು ಉಜ್ಜಿದರೂ ಇಲ್ಲ, ಹಾಡಿದರೂ ಇಲ್ಲ. ಕುತ್ತಿಗೆ ತಿರುಗಿಸಿ ತಿರುಗಿಸಿ ಶಾಂತಲಾ ನಿಂತ ಕಡೆಗೇ ನೋಡುತ್ತಿತ್ತು.

“ಯಾವ್ ಕೂಸೂ ನನ್ ಕೈಲಿ ಅಂಗೆ ಅತ್ತಿಲ್ಲ ಕಣವ್ವ. ನನ್ ಮೊಮ್ಮಗನೇ ಅಳ್ಬೇಕಾ? ಅದ್ಕೆ ಅವ್ಳ ಕೈಯೇ ಅಭ್ಯಾಸ ಆಗೋಗದೆ. ನಂಗೆ ಸಾಯೋ ಅಂಗಾಯ್ತು.”

ಅವಸರದಲ್ಲಿ ಕೊನೆಯ ಚೊಂಬು ನಿವಾಳಿಸಿದರು. ಊರ ಕಣ್ಣು ಅಂದರು, ಕೇರಿಯ ಕಣ್ಣು ಅಂದರು, ಹೆತ್ತವ್ವನ ಕಣ್ಣು ಎಂದೂ ಅಂದರು. ನೀರುಯ್ಯೋಳ ಕಣ್ಣು ಅನ್ನುವಾಗ ನಾಲಿಗೆ ತಡೆಯಿತು. ಇಲ್ಲಿ ನಾನು ಕೂಲಿಗೆ ಬಂದವಳಲ್ಲ, ಅಜ್ಜಿ, ನನ್ನ ಕಣ್ಣು ಯಾಕೆ ತಾಗುತ್ತದೆ ಎಂಬ ಬಿಗುಮಾನ. ಅದೊಂದನ್ನು ಬಿಟ್ಟು ನೀರು ಚೆಲ್ಲಿ, ಕಾಫಿಯನ್ನೂ ಪೂರ್ತಿ ಕುಡಿಯದೆ ಬಸ್ಸಿಗೆ ಬಂದರು.

ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ನಿವಾಳಿಸಿದ್ದು ನೆನಪಾಯಿತು. ಹೊಟ್ಟೆಕಿಚ್ಚು ತುಂಬಿಕೊಂಡ ಕಣ್ಣು ಆ ಬಚ್ಚಲಲ್ಲಿ ತನ್ನದೊಂದೇ ಇತ್ತು, ಬಿಟ್ಟುಬಂದಿದ್ದೂ ಅದನ್ನೇ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳಿಂದ ತಮ್ಮ ಬಟನ್ ಫೋನಿನಲ್ಲಿ ನಂಬರು ಒತ್ತಿಸಿ ಶಾಂತಲಾಗೆ ಫೋನು ಮಾಡಿದರು. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು. ಬೀರಮ್ಮ ಅದಕ್ಕಿಂತ ಜೋರಾಗಿ ಕೂಗಬೇಕಾಯಿತು.

“ಒಂದ್ ಚೊಂಬು ನೀರ್ ತಕಂಡು ಕೂಸಿಗೆ ಇಳೇ ತೆಗೀರವ್ವ! ನನ್ ಕಣ್ಣು ಅಂತ ಯೋಳಿ! ಚಿಕ್ಕಬೀರಮ್ಮನ ಕಣ್ಣು ಅಂತ ಎಸ್ರು ಇಡ್ದು ಯೋಳಿ! ನಂಗೆ ನಿಮ್ ಮ್ಯಾಲೆ ಒಟ್ಟೆಕಿಚ್ಚಾಗಿತ್ತು ಕಣ್ರವ್ವ!”

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಕಡಲೆಕಾಯಿ ಮಾರುತ್ತಿದ್ದವನು ಕೂಡ ಕೂಗುವುದನ್ನು ನಿಲ್ಲಿಸಿದನಂತೆ.

ಫೋನಿನ ಆ ಕಡೆಯಿಂದ ಶಾಂತಲಾ ಹೇಳಿದ್ದನ್ನು ಬೀರಮ್ಮ ನನಗೆ ಅವರದೇ ದನಿಯಲ್ಲಿ ಹೇಳಿ ತೋರಿಸಿದರು. “ತೆಗೀತೀನಿ ಬುಡಿ ಅಕ್ಕ. ದಿನಾ ನನ್ ಕಣ್ಣಿಗೂ ತೆಗೀತೀನಿ. ಐದನೇ ತಿಂಗ್ಳಿಗೆ ನಿಮ್ ಮನೆಗೆ ಕರ್ಕೊಂಡ್ ಹೋಗ್ತೀರ. ಆಮೇಲೆ ನಿಮ್ ಮನೇಲೇ ಬೆಳೀತದೆ, ನಿಮ್ಮನ್ನೇ ಅಜ್ಜಿ ಅಂತದೆ, ನಾನು ಹಬ್ಬಕ್ಕೆ ಬರೋ ನೆಂಟ್ರಂಗೆ. ಅದನ್ನ ನೆನೆಸ್ಕೊಂಡ್ರೆ ನೀರು ಹಾಕೋವಾಗ್ಲೇ ನಿಮ್ ಮೇಲೆ ಹೊಟ್ಟೆ ಉರೀತದೆ.”

ಬೀರಮ್ಮ ಬಸ್ ಬಿಟ್ಟು ಮುಂದಿನ ಬಸ್ಸಿಗೆ ಬಂದರಂತೆ. ಅಷ್ಟು ಹೊತ್ತು ಇಬ್ಬರೂ ಫೋನಿನಲ್ಲಿ ಅತ್ತರೋ ನಕ್ಕರೋ, ಅದನ್ನು ಅವರು ನನಗೆ ಹೇಳಲಿಲ್ಲ. ಆವತ್ತಿನಿಂದ ವಿಡಿಯೊ ನೋಡಿ ಬೈಯುವುದು ಕಡಿಮೆಯಾಗಿದೆ ಎಂದು ಸಣ್ಣಬೀರಯ್ಯ ಹೇಳುತ್ತಾರೆ. ನಿಂತಿಲ್ಲ, ಕಡಿಮೆಯಾಗಿದೆ.

ಈಗ ಬೀರಮ್ಮ ಐದನೇ ತಿಂಗಳಿಗೆ ಕಾಯುತ್ತಿದ್ದಾರೆ. ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜಿಟ್ಟಿದ್ದಾರೆ, ಬಚ್ಚಲ ಗೋಡೆಗೆ ಸುಣ್ಣ ಬಳಿಸಿದ್ದಾರೆ. ಭಯ ಒಂದೇ: ಕೂಸು ಬೇಗ ಬೇಗ ಬೆಳೆಯುತ್ತಿದೆ. ಕುತ್ತಿಗೆ ನಿಂತಿದೆ, ಮಗುಚಿಕೊಳ್ಳಲು ನೋಡುತ್ತಿದೆ. ಕೂರುವುದನ್ನು ಕಲಿತು ಬಿಟ್ಟರೆ ಕಾಲ ಮೇಲೆ ಸುಮ್ಮನೆ ಮಲಗುವ ಕೂಸು ಎಲ್ಲಿ ಸಿಗುತ್ತದೆ? “ಇನ್ನೊಂದೆಲ್ಡ್ ತಿಂಗ್ಳು ನಿದಾನುಕ್ ಬೆಳೀಲಿ ಅಂತ ಬೀರಪ್ಪ ದೇವ್ರಿಗೆ ಕೈ ಮುಗೀತೀನಿ. ಯಾವ್ ಅಜ್ಜಿ ಇಂಗ್ ಕೇಳ್ಕತಾಳೆ ಯೋಳವ್ವ?” ಎಂದವರು ತಕ್ಷಣ ಕೆನ್ನೆ ಕೆನ್ನೆ ಬಡಿದುಕೊಂಡರು.

ನಾನು ಹೊರಡುವ ಮುಂಚೆ ಇನ್ನೊಂದು ಸುದ್ದಿ ಹೇಳಿದರು. ಕೂಸಿನ ಜೊತೆ ಶಾಂತಲಾರನ್ನೂ ಕರೆದಿದ್ದಾರಂತೆ, ಹೊಲಿಗೆ ಮಷೀನು ಮುಚ್ಚಿಟ್ಟು ಬಂದು ಒಂದು ವಾರ ಇದ್ದು ಹೋಗಲಿ, ಕೂಸಿಗೂ ಹೊಸ ಮನೆ ಅಭ್ಯಾಸವಾಗಲಿ ಎಂದು. ಅವರು ಒಪ್ಪಿಯೂ ಆಗಿದೆ. ದೊಡ್ಡ ಮನಸ್ಸು ನಿಮ್ಮದು ಎಂದೆ. ಬೀರಮ್ಮ ಚಾಚಿದ ಕಾಲುಗಳನ್ನು ಅಂಗೈಯಿಂದ ಒಮ್ಮೆ ಸವರಿಕೊಂಡರು.

“ಬರ್ಲಿ, ಇರ್ಲಿ, ಉಣ್ಲಿ. ನೀರ್ ಮಾತ್ರ ನಾನೇ ಉಯ್ಯೋದು. ಅವ್ಳು ಟವೆಲ್ ಇಡ್ಕಂಡು ನಿಂತ್ಕಳ್ಲಿ.”