ಎರಡು ತೆಂಗಿನಮರದ ಎತ್ತರ

ನೀರು ಹಾಕಿ, ಗಾಳಿ ತುಂಬಿ ಹಾರಿಸುವ ಪ್ಲಾಸ್ಟಿಕ್ ಸೋಡಾ ಬಾಟಲಿಯ ರಾಕೆಟ್ಟಿಗೆ ಇಬ್ಬರು ಬೇಕು. ಸೈಕಲ್ ಪಂಪು ಒತ್ತುವವನ ಮುಖಕ್ಕೇ ನೀರು ರಾಚುತ್ತದೆ. ಎಷ್ಟು ಎತ್ತರ ಹೋಯಿತೆಂದು ಅವನಿಗೆ ಕಾಣುವುದಿಲ್ಲ. ನಾನು ಒತ್ತುತ್ತಿದ್ದೆ, ಹೆಂಡತಿ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. “ಎರಡು ತೆಂಗಿನ್ಮರ ಓಯ್ತು ನೋಡಿ!” ಅದೇ ನಮ್ಮ ಅಳತೆ.

ಬದನಗುಪ್ಪೆಯ ಕಾರ್ಖಾನೆ ಕೆಲಸ ಬಿಟ್ಟು ನಾವು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆಯ, ಕಾಡಂಚಿನ ಹೊಲದ ಮನೆಗೆ ಬಂದಿದ್ದೆವು. ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ರಾಕೆಟ್ಟಿನ ಹುಚ್ಚು ಮಾತ್ರ ನನ್ನನ್ನು ಬಿಡಲಿಲ್ಲ. ನೀರು ಜಾಸ್ತಿ ಹಾಕಿದರೆ ಭಾರ, ಏಳುವುದೇ ಇಲ್ಲ. ಕಮ್ಮಿ ಹಾಕಿದರೆ ಬುಸ್ಸೆಂದು ಸುಮ್ಮನಾಗುತ್ತದೆ. ಬಿರಡೆ ಬಿಗಿ ಮಾಡಿ ಗಾಳಿ ತುಂಬುತ್ತಾ ಹೋದರೆ ಎತ್ತರವೇನೋ ಸಿಗುತ್ತದೆ, ಆದರೆ ಬಾಟಲಿ ಒಡೆಯುವ ಭಯ. ಒಂದು ಕೊಟ್ಟು ಒಂದು ಕಿತ್ತುಕೊಳ್ಳುವ ಬುದ್ಧಿ ಅದಕ್ಕೆ. ನಾನು ಕಣ್ಣೊರೆಸಿಕೊಂಡು ನೋಡುವಷ್ಟು ಹೊತ್ತು ಮೇಲಿದ್ದರೆ ಸಾಕು, ಎತ್ತರ ಹೇಳಲು ಇನ್ನೊಬ್ಬರು ಬೇಡ ಎಂಬ ಹಟಕ್ಕೆ ಬಿದ್ದೆ.

ಹೋದ ಶ್ರಾವಣದ ಒಂದು ಮಧ್ಯಾಹ್ನ ಮಿತಿ ಮೀರಿ ಒತ್ತಿದೆ. ಬಾಟಲಿ ನೆಲದಲ್ಲೇ ಡಬ್ಬೆಂದು ಸಿಡಿಯಿತು. ನಮ್ಮ ಕಡೆ ಅಂಥ ಸದ್ದಿಗೆ ಒಂದೇ ಅರ್ಥ: ಆನೆ ಬಂದಿದೆ, ಯಾರೋ ಪಟಾಕಿ ಹೊಡೆದಿದ್ದಾರೆ. ಸುತ್ತಲ ಚೆಂಡುಹೂವಿನ ಹೊಲಗಳಿಂದ ಏಳೆಂಟು ಜನ ತಗಡು ಬಡಿಯುತ್ತಾ, ಕೂಗುತ್ತಾ ಓಡಿಬಂದರು. ನಾನು ಒದ್ದೆ ಬನಿಯನ್ನಿನಲ್ಲಿ ಪಂಪು ಹಿಡಿದು ನಿಂತಿದ್ದೆ.

ನಕ್ಕರು, ಬೈದರು, ಜಗುಲಿಯ ಮೇಲೆ ಕೂತರು. ಟೀ ಕಾಸಿದೆ. ಮನೆಯಲ್ಲಿದ್ದದ್ದು ಎರಡೇ ಲೋಟ, ಸರದಿಯಲ್ಲಿ ಕುಡಿದರು. ಸುಳ್ಳೇಕೆ, ಅವಳು ಹೋದ ಮೇಲೆ ನನಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

ಹೊರಡುವಾಗ ಪಕ್ಕದ ಹೊಲದ ಅಜ್ಜಿ ತಿರುಗಿ ನಿಂತರು. “ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಬ್ನೇ ಇದ್ದೀಯ ಅಂತ ಎದ್ನೋ ಬಿದ್ನೋ ಅಂತ ಓಡ್ಬಂದೊ ಕಣಪ್ಪ. ಸುಮ್‌ಸುಮ್ನೆ ಇಂಗೇ ಡಬ್ ಅನ್ಸುತಿದ್ರೆ, ಆನೆ ನಿಜವಾಗ್ಲೂ ಬಂದ್ ದಿನ ಯಾರ್ಲಾ ಬಂದಾರು?”

ಮುಂದಿನ ಭಾನುವಾರ ಮತ್ತೆ ಪಂಪು ಹಿಡಿದೆ. ಇನ್ನು ಹತ್ತು ಸಲ ಒತ್ತಿದರೆ ಬಾಟಲಿ ಸಿಡಿಯುತ್ತದೆ, ಎಲ್ಲರೂ ಬರುತ್ತಾರೆ. ಪಂಪು ಕೆಳಗಿಟ್ಟೆ. ಆಮೇಲೆ ಬಿರಡೆ ಸಡಿಲ ಮಾಡಿದೆ.

ಈಗ ನನ್ನ ರಾಕೆಟ್ಟು ಅರ್ಧ ತೆಂಗಿನಮರವನ್ನೂ ದಾಟುವುದಿಲ್ಲ. ಮುಖ ಒರೆಸಿಕೊಳ್ಳುವಷ್ಟರಲ್ಲಿ ಕೆಳಗೆ ಬಿದ್ದಿರುತ್ತದೆ. ಗುಂಡ್ಲುಪೇಟೆಯಿಂದ ತಂದ ಆರು ಹೊಸ ಲೋಟಗಳು ಕಾಗದ ಬಿಚ್ಚದೆ ಗೂಡಿನಲ್ಲಿವೆ. ಆನೆ ಬಂದ ದಿನ ಬೇಕಾಗುತ್ತವೆ.