ಕಾರಿನ ಎಡಮಗ್ಗುಲು

ಕಾರಿನ ಹಳೆಯ ಬಣ್ಣ ಪೂರ್ತಿ ಕೆರೆಸಿ ಹೊಸದಾಗಿ ಹೊಡೆಸುವ ಹಟ ನನ್ನದೇ. ಅಪ್ಪನಿಗೆ ಎಪ್ಪತ್ತು ತುಂಬುವುದಿತ್ತು, ಭೀಮರಥ ಶಾಂತಿಗೆ ದಿನ ಗೊತ್ತಾಗಿತ್ತು. ಬಳ್ಳಾರಿಯ ಬಿಸಿಲಿಗೆ ಆ ಬಿಳಿ ಕಾರಿನ ನೆತ್ತಿ ಮುಟ್ಟಿದರೆ ಸುಣ್ಣದ ಪುಡಿಯ ಹಾಗೆ ಕೈಗೆ ಹತ್ತುತ್ತಿತ್ತು. ಶಾಂತಿಯ ದಿನ ಅದು ಮನೆ ಮುಂದೆ ಹೊಸ ಕಾರಿನಂತೆ ನಿಂತಿರಬೇಕು ಎಂಬುದು ನನ್ನ ಆಸೆ. ಅಪ್ಪ ಮಾತ್ರ ಬೇಡವೆಂದರು. ಮೇಲೊಂದು ಕೈ ಬಣ್ಣ ಬಳಿಸಿದರೆ ಸಾಕು, ಇದ್ದದ್ದನ್ನು ಯಾಕೆ ಕೆರೆಯಬೇಕು ಎಂದು ಮೂರು ದಿನ ಅದನ್ನೇ ಜಪ ಮಾಡಿದರು. ನಾನು ಕೇಳುವ ಆಸಾಮಿಯಲ್ಲ. ಗೂಟಕ್ಕಿದ್ದ ಕೀಲಿ ತೆಗೆದುಕೊಂಡು ಹೋಗಿ ಸಿರುಗುಪ್ಪ ರಸ್ತೆಯ ಪೇಂಟರನ ಶೆಡ್ಡಿನಲ್ಲಿ ಕಾರು ಬಿಟ್ಟು ಬಂದೆ.

ದಿನಾ ಆ ಕಾರು ಓಡಿಸುತ್ತಿದ್ದವರು ಅಪ್ಪ ಒಬ್ಬರೇ. ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಏಳು ಗಂಟೆಗೆಲ್ಲ ಬಸ್ ಹಿಡಿಯಬೇಕು. ಹೆಂಡತಿ ಕೆಲಸಕ್ಕೆ ಹೊರಡುವುದು ಇನ್ನೂ ಮುಂಚೆ. ಹೀಗಾಗಿ ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು ಅಪ್ಪನ ಪಾಲಿಗೆ ಬಂದಿತ್ತು. ಒಂಬತ್ತು ವರ್ಷದ ಹುಡುಗಿ, ಹಿಂದೆ ಕೂರು ಎಂದರೆ ಮುಖ ಊದಿಸಿಕೊಳ್ಳುತ್ತಿದ್ದಳು; ಮುಂದೆ, ತಾತನ ಪಕ್ಕದಲ್ಲೇ ಅವಳ ಜಾಗ.

ಇದಲ್ಲದೆ ಅಪ್ಪ ಆಗೊಮ್ಮೆ ಈಗೊಮ್ಮೆ ಏಕಾದಶಿಯ ದಿನ ಕಾರಿನಲ್ಲಿ ಕುರುಗೋಡಿಗೆ ಹೋಗುತ್ತಿದ್ದರು. ಅಲ್ಲಿ ದೂರದ ನೆಂಟರ ಮನೆಯಲ್ಲಿ ಭಜನೆ, ಮರುದಿನ ದ್ವಾದಶಿಯ ಪಾರಣೆಯೂ ಅಲ್ಲೇ ಎನ್ನುತ್ತಿದ್ದರು. ತಿರುಗಿ ಬರುವಾಗ ಕಾರು ಥಳಥಳ ತೊಳೆದಿರುತ್ತಿತ್ತು. ಬಾಯಿಗೆ ಹನಿ ನೀರು ಹಾಕದೆ ಕಾರು ತೊಳೆಯುವ ಭಕ್ತರು ನೀವೊಬ್ಬರೇ ಎಂದು ನಾವು ರೇಗಿಸುತ್ತಿದ್ದೆವು. ಅಪ್ಪ ನಗುತ್ತಿರಲಿಲ್ಲ. ಉಪವಾಸದ ದಣಿವು ಅಂದುಕೊಳ್ಳುತ್ತಿದ್ದೆ.

ಭಾನುವಾರ ಪೇಂಟರ್ ಫೋನ್ ಮಾಡಿ ಒಮ್ಮೆ ಬಂದು ಹೋಗಿ ಎಂದ. ಹೋದೆ. ಬಣ್ಣ ಎಬ್ಬಿಸುವ ಔಷಧಿ ಹಚ್ಚಿದ್ದ. ಕಣ್ಣು ಉರಿಯುವಷ್ಟು ಘಾಟು. ಬಣ್ಣ ಹಪ್ಪಳದ ಹಾಗೆ ಗುಳ್ಳೆಯೆದ್ದಿತ್ತು, ಅವನು ತಗಡಿನ ಪಟ್ಟಿಯಿಂದ ಅದನ್ನು ಎಬ್ಬಿಸಿ ಎಬ್ಬಿಸಿ ಕೆಡವುತ್ತಿದ್ದ. ನನ್ನನ್ನು ಕಂಡವನೇ ಜೇಬಿನಿಂದ ದಾರ ಕಟ್ಟಿದ ಅಯಸ್ಕಾಂತ ತೆಗೆದು ಬಲಗಡೆಯ ಬಾಗಿಲಿಗೆ ಹಿಡಿದ. ಟಪ್ಪೆಂದು ಕಚ್ಚಿಕೊಂಡಿತು. ಎಡಗಡೆಗೆ ಬಂದು ಹಿಡಿದ. ಕಚ್ಚಲಿಲ್ಲ, ಜಾರಿ ಬಿತ್ತು. ಅಲ್ಲಿ ತಗಡಿನ ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ ತಗ್ಗು ಮುಚ್ಚಿದ್ದರು. ಕೆರೆದ ಅಂಚನ್ನು ತೋರಿಸಿದ. ಪುಟ್ಟಿ, ಅದರ ಮೇಲೆ ಬಿಳಿ ಬಣ್ಣ, ಮತ್ತೆ ಪುಟ್ಟಿ, ಮತ್ತೆ ಬಣ್ಣ. ಒಂದೇ ಜಾಗಕ್ಕೆ ಮೂರು ಸಲ ಪೆಟ್ಟು ಬಿದ್ದಿತ್ತು.

"ಬಲಗಡಿ ಒಂದ್ ಗೀರೂ ಇಲ್ಲ ಸಾರ್, ಎಲ್ಲಾ ಎಡಗಡೀನ ಐತಿ. ಗಾಡಿ ಹೊಡಿಯೋರಿಗೆ ಆ ಕಡಿ ಕಾಣಂಗಿಲ್ಲೇನ್ರಿ?"

ಮೂರು ಸಲ ತಗ್ಗಾದ ಆ ಜಾಗ ಮುಂದಿನ ಬಾಗಿಲು. ಆ ತಗಡಿಗೂ ನನ್ನ ಮಗಳ ಮೊಣಕಾಲಿಗೂ ನಡುವೆ ಒಂದು ಗೇಣು ಜಾಗವಿಲ್ಲ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಪೇಪರನ್ನು ಪೂರ್ತಿ ಬಲಕ್ಕೆ ಸರಿಸಿ ಹಿಡಿದಿದ್ದರು. ದಿನಾ ಹಾಗೇ ಹಿಡಿಯುತ್ತಿದ್ದರೋ ಏನೋ, ನಾನು ನೋಡಿದ್ದು ಅವತ್ತೇ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಮಗುವಿನ ಜೀವದ ಜತೆ ಆಟ ಆಡುತ್ತೀರಾ, ನಾಚಿಕೆಯಾಗುವುದಿಲ್ಲವಾ ಎಂದೆ. ಹೆತ್ತ ಅಪ್ಪನಿಗೆ ಆಡುವ ಮಾತಲ್ಲ ಅದು, ಆಡಿದೆ.

ಅವರು ಪೇಪರ್ ಮಡಚಿಟ್ಟು ಎಲ್ಲ ಹೇಳಿದರು. ಎಡಗಣ್ಣಿಗೆ ಹೊಗೆ ಕವಿದ ಹಾಗಾಗಿ ಎರಡು ವರ್ಷವಾಗಿತ್ತಂತೆ. ಬ್ರೂಸ್‌ಪೇಟೆಯಲ್ಲಿ ಒಂದು ತಳ್ಳುಗಾಡಿ, ಒಮ್ಮೆ ಕರೆಂಟಿನ ಕಂಬ, ಒಮ್ಮೆ ನಿಂತ ಟ್ರ್ಯಾಕ್ಟರ್ ಟ್ರಾಲಿ. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಿರಲಿಲ್ಲ. ಕುರುಗೋಡಿನಲ್ಲಿ ಭಜನೆಯೂ ಇರಲಿಲ್ಲ, ನೆಂಟರ ಮನೆಗೆ ಹೋಗುತ್ತಿದ್ದದ್ದು ರಾತ್ರಿ ಮಲಗಲು ಮಾತ್ರ. ತಗ್ಗು ಮುಚ್ಚಿಸಿ ಹೊಡೆಸಿದ ಬಣ್ಣ ಒಣಗಲು ಒಂದು ದಿನ ಬೇಕಲ್ಲ, ಅದಕ್ಕೆ ಏಕಾದಶಿಯ ನೆಪ. ಅಲ್ಲಿನ ಪೇಂಟರನೊಬ್ಬನ ಶೆಡ್ಡಿನ ಮುಂದೆ ಹಗಲೆಲ್ಲ ಕಲ್ಲಿನ ಮೇಲೆ ಕೂತಿರುತ್ತಿದ್ದರಂತೆ. ಭಜನೆ ಸುಳ್ಳು, ಉಪವಾಸ ಮಾತ್ರ ಸುಳ್ಳಲ್ಲ ಎಂದು ಎರಡು ಸಲ ಹೇಳಿದರು. ನಾನು ಅದನ್ನು ನಂಬುವುದೇ ಆಗ ಅವರಿಗೆ ಮುಖ್ಯವಾಗಿತ್ತು.

ಮೊದಲೇ ಬಾಯಿ ಬಿಟ್ಟು ಹೇಳಲು ಏನಾಗಿತ್ತು ಎಂದು ಮತ್ತೆ ಕೂಗಿದೆ.

"ಕೀಲಿ ಕಸ್ಕೊಂಡ್ರ ಈ ಮನ್ಯಾಗ ನನಗೇನ್ ಕೆಲಸ ಉಳೀತದಪಾ?" ಎಂದರು ಅಪ್ಪ.

ಅಷ್ಟರಲ್ಲಿ ಒಳಗಿದ್ದ ಮಗಳು ಬಂದು ತಾತನ ಕುರ್ಚಿಗೆ ಒತ್ತಿ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ತಾತಗ ಬೈಬ್ಯಾಡ. ಈಗ ಎಡಗಡಿ ನಾನ ನೋಡ್ತೀನಿ. ಆಟೋ ಬಂದ್ರ ಆಟೋ ಅಂತೀನಿ, ಲಾರಿ ಬಂದ್ರ ಲಾರಿ ಅಂತೀನಿ."

ಯಾವಾಗಿನಿಂದ ಎಂದು ಕೇಳಿದೆ. ಬೇಸಿಗೆ ರಜೆ ಮುಗಿದಾಗಿನಿಂದ ಎಂದಳು. ಆಗ ದಸರಾ ಹತ್ತಿರ ಬಂದಿತ್ತು. ಅಷ್ಟು ತಿಂಗಳು ಈ ಮಗು ಹೊರಗೆ ಕಣ್ಣು ನೆಟ್ಟುಕೊಂಡು ಶಾಲೆಗೆ ಹೋಗಿ ಬಂದಿದ್ದಳು. ಸಂಜೆ ನನ್ನ ಪಕ್ಕದಲ್ಲೇ ಕೂತು ಮಗ್ಗಿ ಒಪ್ಪಿಸುತ್ತಿದ್ದಳು, ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ನನಗೆ ಅಳು ಬಂತು. ದನಿ ತಗ್ಗಿಸಿ, ಅದಿರಿನ ಲಾರಿಗಳು ಅಷ್ಟು ಹತ್ತಿರ ಬರುವಾಗ ಹೆದರಿಕೆ ಆಗುತ್ತಿರಲಿಲ್ಲವಾ, ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಲಾರಿಗೇನ್ ಹೆದರಿಕಿ," ಎಂದಳು. "ನೀ ಕೂಗ್ತೀಯಲ್ಲ, ಅದಕ ಹೇಳಲಿಲ್ಲ."

ಅವಳನ್ನು ಹತ್ತಿರ ಕರೆಯಲು ಕೈ ಚಾಚಿದೆ. ನಾನು ಹೊಡೆಯುತ್ತೇನೆಂದು ತಿಳಿದು ನನ್ನ ಮಗಳು ಕಣ್ಣು ಮುಚ್ಚಿಕೊಂಡಳು.