ಕಾಶಿಯಲ್ಲಿ ಸತ್ತವರಿಗೆ ಬಟನ್ ಇಲ್ಲ

ಆಗ ನನಗೆ ಅರವತ್ತೇಳು, ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಪಿತ್ತಕೋಶದ ಕಲ್ಲು ತೆಗೆಸಲು ಕಾಶಿಯ ಒಂದು ಆಸ್ಪತ್ರೆ ಸೇರಿದ್ದೆ. ಮರುದಿನ ನನಗೆ ಆಪರೇಷನ್ ಮಾಡಬೇಕಿದ್ದವಳು ಕಾಶಿಯ ಶಿವಾಲ ಬಡಾವಣೆಯಲ್ಲಿ ನಾವಿರುವ ಗಲ್ಲಿಯ ಪುರೋಹಿತನ ಮಗಳು, ಹೊಸ ಡಾಕ್ಟರು. ನನಗೆ ಧೈರ್ಯ ಬರಲೆಂದು ತಾನು ಕೈ ಪಳಗಿಸುವ ಯಂತ್ರದ ಮುಂದೆ ಕರೆದೊಯ್ದು ಕೂರಿಸಿದಳು. ಟಿವಿಯಂಥ ಪರದೆಯಲ್ಲಿ ಯಾರದೋ ಹೊಟ್ಟೆಯ ಒಳಭಾಗ ಕಾಣುತ್ತಿತ್ತು. ಇವಳು ಎರಡು ಹಿಡಿಕೆ ಹಿಡಿದು ಅದನ್ನು ಕತ್ತರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಪರದೆಯೆಲ್ಲ ಕೆಂಪಾಯಿತು.

“ಅರೇ, ಸತ್ತೇಹೋದ!” ಎಂದು ನಕ್ಕಳು. “ಚಿಂತೆ ಮಾಡ್ಬೇಡಿ ಅಜ್ಜಿ, ಇವನು ನಕಲಿ ಪೇಷೆಂಟು. ಬಟನ್ ಒತ್ತಿದ್ರೆ ಫಿರ್ ಸೇ ಹುಟ್ತಾನೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಕಾಶೀಲಿ ಸತ್ತವರಿಗೆ ಮರುಜನ್ಮ ಇಲ್ಲ ಅಂತ ನಿಮ್ಮಪ್ಪ ದಿನಾ ಯಾತ್ರಿಕರಿಗೆ ಹೇಳ್ತಾನಲ್ಲೇ! ನನಗೆಲ್ಲಿದೆಯೇ ಬಟನ್ನು?”

ಕಲ್ಲು ಹೋಯಿತು, ನಾನು ಉಳಿದೆ. ಯಂತ್ರದ ಮೇಲೆ ನನಗೆ ಈಗ ಸಿಟ್ಟಿಲ್ಲ, ಅವಳು ನಕ್ಕಿದ್ದಕ್ಕೆ ಇದೆ. ಆಪರೇಷನ್ ದಿನ ಬೆಳಿಗ್ಗೆ ಅವಳಿಗೆ ಕಲಿಸಿದ ದೊಡ್ಡ ಡಾಕ್ಟರು ಬಂದು ಅವಳ ಪಕ್ಕ ನಿಲ್ಲುವ ತನಕ ನಾನು ಆಪರೇಷನ್ ಟೇಬಲ್ ಹತ್ತಲಿಲ್ಲ.